ಬೆಕ್ಕು ಮರಳಲ್ಲಿ ಸುಮ್ಮನೆ ಕೂತಿರಲ್ಲ

ನಮ್ಮ ಹಾಸ್ಟೆಲ್ ಹಿಂದೆ ಕಟ್ಟಡದ ಕೆಲಸಕ್ಕೆ ತಂದು ಹಾಕಿದ ಮರಳಿನ ರಾಶಿ ಇದೆ. ಅದೇ ನಮ್ಮ ಗಂಡು ಬೆಕ್ಕು ಕರಿಯನ ಟಾಯ್ಲೆಟ್. ಹೋದ ಸೆಮಿಸ್ಟರ್ ಇಂಟರ್ನಲ್ಸ್ ಟೈಮಲ್ಲಿ ಒಂದು ಸಂಜೆ ಅವನು ಅಲ್ಲಿ ಹೋಗಿ ಕೂತ, ತಿಣುಕಿದ, ಎದ್ದು ಬಂದ. ಐದು ನಿಮಿಷಕ್ಕೆ ಮತ್ತೆ ಹೋದ. "ಮೋಷನ್ ಕಟ್ಟಿರ್ಬೇಕು ಕಣೋ, ಹರಳೆಣ್ಣೆ ಕುಡ್ಸು" ಅಂದ ರೂಮ್‌ಮೇಟ್. ಇನ್ನೊಬ್ಬ ಪ್ಯಾರಸಿಟಮಾಲ್ ತಂದ. ಪುಣ್ಯಕ್ಕೆ ಎರಡನ್ನೂ ಕೊಡಲಿಲ್ಲ. ಆದರೆ "ಬೆಳಗ್ಗೆ ನೋಡೋಣ" ಅಂತ ಮಲಗಿಬಿಟ್ಟೆವು. ಅದೇ ನಾವು ಮಾಡಿದ ತಪ್ಪು.

ಬೆಳಗ್ಗೆ ಕರಿಯ ವಾಂತಿ ಮಾಡಿಕೊಂಡು ಮೂಲೆಯಲ್ಲಿ ಬಿದ್ದಿದ್ದ. ಪಶುವೈದ್ಯರು ಅವನ ಹೊಟ್ಟೆಯನ್ನು ಮೆಲ್ಲಗೆ ಮುಟ್ಟಿ ನೋಡಿ, "ಇದು ಮೋಷನ್ ಪ್ರಾಬ್ಲಂ ಅಲ್ಲಪ್ಪ, ಮೂತ್ರ ಕಟ್ಟಿದೆ" ಅಂದರು. ಮೂತ್ರಕೋಶ ಚೆಂಡಿನ ಹಾಗೆ ಗಟ್ಟಿಯಾಗಿತ್ತು.

ಏನಾಗುತ್ತೆ?

ಹೆಣ್ಣು ಬೆಕ್ಕಿನ ಮೂತ್ರನಾಳ ಗಿಡ್ಡ, ಅಗಲ. ಗಂಡು ಬೆಕ್ಕಿನದು ಉದ್ದ, ತುದಿಗೆ ಬರ್ತಾ ತುಂಬಾ ಕಿರಿದು. ಲೋಳೆ, ಸತ್ತ ಜೀವಕೋಶಗಳು ಮತ್ತು ಸ್ಟ್ರುವೈಟ್ ಅನ್ನೋ ಹರಳುಗಳು ಸೇರಿ ಅಲ್ಲಿ ಬಿರಡೆ ಹಾಕಿದ ಹಾಗೆ ಕೂರುತ್ತವೆ. ಕೆಲವೊಮ್ಮೆ ಕಲ್ಲು ಸಿಕ್ಕಿಕೊಂಡಿರುತ್ತೆ, ಕೆಲವೊಮ್ಮೆ ನಾಳ ಊದಿಕೊಂಡೇ ಮುಚ್ಚಿಹೋಗುತ್ತೆ.

ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಮುಂದಿನದು ಸುಲಭ. ಔಟ್‌ಲೆಟ್ ಬಂದ್ ಆದರೆ ಒತ್ತಡ ಹಿಂದಕ್ಕೆ ಏರುತ್ತೆ. ಕಿಡ್ನಿ ರಕ್ತ ಸೋಸೋದನ್ನು ನಿಲ್ಲಿಸುತ್ತೆ. ಹೊರಗೆ ಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಹೆಚ್ಚಾಗುತ್ತೆ. ಅದು ಹೃದಯದ ವಿದ್ಯುತ್ ಸಿಗ್ನಲ್ ಕೆಡಿಸುತ್ತೆ. ಬಡಿತ ನಿಧಾನವಾಗಿ ಕೊನೆಗೆ ನಿಂತೇ ಹೋಗಬಹುದು. ನಾಳ ಪೂರ್ತಿ ಮುಚ್ಚಿದ್ದರೆ ಎರಡು ಮೂರು ದಿನದಲ್ಲೇ ಬೆಕ್ಕು ಸಾಯಬಹುದು.

ಡಾಕ್ಟರ್ ಏನು ಮಾಡ್ತಾರೆ?

ನಾನು ಮೊದಲು ಬ್ಲಾಕ್ ತೆಗೀತಾರೆ ಅಂದುಕೊಂಡಿದ್ದೆ. ಆದರೆ ಅವರು ಮೊದಲು ನೋಡಿದ್ದು ಹೃದಯ. ಇಸಿಜಿ, ರಕ್ತಪರೀಕ್ಷೆ, ಡ್ರಿಪ್. ಪೊಟ್ಯಾಸಿಯಂ ಜಾಸ್ತಿಯಾಗಿ ಬಡಿತ ಕೆಟ್ಟಿದ್ದರೆ ಕ್ಯಾಲ್ಸಿಯಂ ಗ್ಲುಕೊನೇಟ್ ಕೊಡ್ತಾರೆ. ಅದು ಪೊಟ್ಯಾಸಿಯಂ ಇಳಿಸಲ್ಲ, ಸ್ವಲ್ಪ ಹೊತ್ತು ಹೃದಯವನ್ನು ಕಾಪಾಡುತ್ತೆ ಅಷ್ಟೇ. ಇನ್ಸುಲಿನ್ ಜೊತೆ ಗ್ಲೂಕೋಸ್ ಕೊಟ್ಟರೆ ಪೊಟ್ಯಾಸಿಯಂ ಜೀವಕೋಶಗಳ ಒಳಗೆ ಹೋಗುತ್ತೆ.

ಆಮೇಲೆ ಮತ್ತು ಬರಿಸಿ, ಸಣ್ಣ ಕ್ಯಾತಿಟರ್ ಹಾಕಿ, ಸಲೈನ್ ಬಿಟ್ಟು ಅಡ್ಡಿಯನ್ನು ತೆಗೀತಾರೆ. ಕ್ಯಾತಿಟರ್ ಸಾಮಾನ್ಯವಾಗಿ ಒಂದರಿಂದ ಮೂರು ದಿನ ಹಾಗೇ ಇರುತ್ತೆ. ಬ್ಲಾಕ್ ಬಿಟ್ಟ ಮೇಲೆ ಬೆಕ್ಕು ವಿಪರೀತ ಮೂತ್ರ ಮಾಡಬಹುದು, ಅದಕ್ಕೇ ಡ್ರಿಪ್ ಮುಂದುವರಿಸ್ತಾರೆ. ಕಲ್ಲು ಇದೆಯಾ ಅಂತ ಎಕ್ಸ್-ರೇ ಕೂಡ ತೆಗೀತಾರೆ.

ನಾವು ಏನು ಮಾಡಬೇಕು?

• ಗಂಡು ಬೆಕ್ಕು ಪದೇ ಪದೇ ತಿಣುಕುತ್ತಾ ಇದ್ದರೆ, ಅಲ್ಲಿ ಮರಳು ಒದ್ದೆಯಾಗಿದೆಯಾ ನೋಡಿ. ಒಣಗಿದ್ದರೆ, ಅಥವಾ ಬರೀ ಒಂದೆರಡು ಹನಿ ಬಿದ್ದಿದ್ದರೆ, ರಾತ್ರಿಯಾದರೂ ಸರಿ, ಆಗಲೇ ಡಾಕ್ಟರ್ ಹತ್ರ ಹೋಗಿ.
• ಕೂಗೋದು, ಆ ಜಾಗವನ್ನೇ ನೆಕ್ಕುತ್ತಾ ಇರೋದು, ಊಟ ಬಿಡೋದು, ವಾಂತಿ ಇವೂ ಸೂಚನೆಗಳೇ.
• ಹೊಟ್ಟೆ ಒತ್ತಬೇಡಿ. ತುಂಬಿದ ಮೂತ್ರಕೋಶ ಒಡೆಯಬಹುದು.
• ಪ್ಯಾರಸಿಟಮಾಲ್ ಯಾವತ್ತೂ ಬೇಡ. ಅದನ್ನು ಕರಗಿಸಿ ಹೊರಹಾಕೋ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ. ರಕ್ತಕ್ಕೆ ಆಮ್ಲಜನಕ ಹೊರೋಕೆ ಆಗದೆ ಒಸಡು ಕಂದುಬಣ್ಣಕ್ಕೆ ತಿರುಗುತ್ತೆ. 500 ಮಿಲಿಗ್ರಾಂನ ಒಂದೇ ಮಾತ್ರೆ ಜೀವ ತೆಗೀಬಹುದು.

ಕರಿಯ ಬದುಕಿದ. ಕ್ಯಾತಿಟರ್ ಎರಡು ದಿನ ಇತ್ತು. ಬಿಲ್ ಕಟ್ಟೋಕೆ ಇಡೀ ಫ್ಲೋರ್ ದುಡ್ಡು ಹಾಕಿತು. ಆದರೆ ಈ ಕಾಯಿಲೆ ಮರುಕಳಿಸೋದು ಸಾಮಾನ್ಯ. ನೀರು ಹೆಚ್ಚು ಹೋದಷ್ಟೂ ಒಳ್ಳೇದು ಅಂದಿದ್ದಾರೆ, ಅದಕ್ಕೆ ಈಗ ಬರೀ ಒಣ ಆಹಾರ ಹಾಕಲ್ಲ. ಮೂರು ಕಡೆ ನೀರು ಇಟ್ಟಿದ್ದೀವಿ. ದಿನಾ ಮರಳಿನ ರಾಶಿ ಹತ್ರ ಹೋಗಿ ಒದ್ದೆ ಉಂಡೆ ಇದೆಯಾ ಅಂತ ನೋಡೋಕೆ ಒಬ್ಬೊಬ್ಬರಿಗೆ ಒಂದೊಂದು ದಿನ ಡ್ಯೂಟಿ. ಭಾನುವಾರ ನಂದು.