ಬುಲೆಟಿನ್‌ನಲ್ಲಿ ಕಾಣದ ದಿಲ್‌ಸುಖ್‌ನಗರ

ಕೋವಿಡ್ ಕಾಲದಲ್ಲಿ ದಿನವೂ ಎರಡು ರಾಜ್ಯಗಳ ಆರೋಗ್ಯ ಇಲಾಖೆಯ ಬುಲೆಟಿನ್ ಓದುತ್ತಿದ್ದೆ. ಮನೆ ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ, ತವರು ಕಲಬುರಗಿಯಲ್ಲಿ. ತೆಲಂಗಾಣದ್ದೂ ಬೇಕು, ಕರ್ನಾಟಕದ್ದೂ ಬೇಕು. ಬ್ಯಾಂಕ್ ಪರೀಕ್ಷೆಗೆ ಕೂರುವ ಮಕ್ಕಳಿಗೆ ಕೋಷ್ಟಕ ಓದುವುದನ್ನು ಕಲಿಸುವುದು ನನ್ನ ಕಸುಬು. ಕೋಚಿಂಗ್ ಸೆಂಟರ್ ಮುಚ್ಚಿದ ಮೇಲೆ ಉಳಿದದ್ದು ಈ ಕೋಷ್ಟಕಗಳೇ.

ಎರಡರ ಜಾಯಮಾನವೇ ಬೇರೆ. ಕರ್ನಾಟಕದ್ದರಲ್ಲಿ ಮೊದಮೊದಲು ಪ್ರತಿ ಸೋಂಕಿತರಿಗೂ ಒಂದು ಪಿ-ನಂಬರ್, ವಯಸ್ಸು, ಜಿಲ್ಲೆ, ಯಾರಿಂದ ತಗುಲಿತೆಂಬ ವಿವರ ಇರುತ್ತಿತ್ತು. ತಮ್ಮ ಫೋನ್ ಮಾಡಿ, "ಅಕ್ಕಾ, ಇವತ್ತ ನಮ್ಮ ಕಡಿ ಮೂರು ಕೇಸ್ ಬಂದಾವ, ಮೂರೂ ಒಂದೇ ಮನ್ಯಾಗಿನ್ವು" ಅಂದರೆ ಎಳೆ ಸಿಕ್ಕಂತೆಯೇ. ತೆಲಂಗಾಣದ್ದರಲ್ಲಿ ಜಿಎಚ್‌ಎಂಸಿ (ಗ್ರೇಟರ್ ಹೈದರಾಬಾದ್ ಮಹಾನಗರ ಪಾಲಿಕೆ) ಎಂಬ ಒಂದು ಸಾಲು, ಅಷ್ಟು ದೊಡ್ಡ ನಗರಕ್ಕೆಲ್ಲ ಒಂದೇ ಅಂಕಿ. ನಮ್ಮ ಪಕ್ಕದ ಸರೂರ್‌ನಗರವೋ ಆಗ ಕಂದಾಯದ ಲೆಕ್ಕಕ್ಕೆ ರಂಗಾರೆಡ್ಡಿ ಜಿಲ್ಲೆ, ಕಸ ಎತ್ತುವ ಲೆಕ್ಕಕ್ಕೆ ಜಿಎಚ್‌ಎಂಸಿ.

ಹಾಗಾಗಿ ಗಡಿ ಬಿಟ್ಟು ಸೋಂಕು ಬಂದ ದಾರಿ ನೋಡತೊಡಗಿದೆ. ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯದು. ಸೌದಿಯಿಂದ ಮರಳಿದ್ದ 76 ವರ್ಷದ ಹಿರಿಯರನ್ನು ಚಿಕಿತ್ಸೆಗೆಂದು ಹೈದರಾಬಾದಿಗೆ ತಂದಿದ್ದರು. ವಾಪಸು ಒಯ್ಯುವಾಗ 2020ರ ಮಾರ್ಚ್ 10ರಂದು ತೀರಿಕೊಂಡರು. ಸೋಂಕು ಖಚಿತವಾದದ್ದು 12ರಂದು. ತೆಲಂಗಾಣದ ಮೊದಲ ಸೋಂಕಿತ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಟೆಕ್ಕಿ. ದುಬೈಗೆ ಹೋಗಿ ಬಂದು, ಬೆಂಗಳೂರಿನಿಂದ ಬಸ್ಸಿನಲ್ಲಿ ಇಲ್ಲಿಗೆ ಬಂದವರು. ಮೇ ಮೊದಲಲ್ಲಿ ಹೈದರಾಬಾದಿನ ವನಸ್ಥಲಿಪುರಂನ ಕಾಲನಿಗಳನ್ನು ಕಂಟೈನ್‌ಮೆಂಟ್ ಮಾಡಿದಾಗ ಎಳೆ ಹೋಗಿ ನಿಂತದ್ದು ಮಲಕ್‌ಪೇಟೆ ಗಂಜ್‌ನ ವ್ಯಾಪಾರಿಗಳ ಬಳಿ. ಬಸ್ಸು, ಆಸ್ಪತ್ರೆ, ಗಂಜ್: ನಕ್ಷೆ ಬರೆಯುವುದಿದ್ದರೆ ಇವನ್ನು ಮೊದಲು ಗುರುತು ಹಾಕಬೇಕು, ವಾರ್ಡುಗಳನ್ನು ಆಮೇಲೆ.

ಇನ್ನು ಅಂಕಿಗಳ ಮಾತು. ನಿನ್ನೆ 100 ಜನರ ಪರೀಕ್ಷೆಯಲ್ಲಿ 10 ಪಾಸಿಟಿವ್, ಇವತ್ತು 1000 ಜನರಲ್ಲಿ 50 ಎಂದಿಟ್ಟುಕೊಳ್ಳಿ. ಟೀವಿಯವರು ಐದು ಪಟ್ಟು ಏರಿತೆಂದು ಕೂಗುತ್ತಾರೆ. ಆದರೆ ಪಾಸಿಟಿವಿಟಿ ದರ ಅರ್ಧಕ್ಕಿಳಿದಿರುತ್ತದೆ. ಭಾನುವಾರ ಪರೀಕ್ಷೆ ಕಡಿಮೆ ಇರುತ್ತಿತ್ತು, ಆದ್ದರಿಂದ ಸೋಮವಾರದ ಬುಲೆಟಿನ್ ಸೌಮ್ಯವಾಗಿರುತ್ತಿತ್ತು. ಏಳು ದಿನದ ಸರಾಸರಿ ತೆಗೆಯದೆ ಯಾವ ಅಂಕಿಯನ್ನೂ ನಂಬಬಾರದೆಂಬ ನಿಯಮ ಮಾಡಿಕೊಂಡೆ. ಬುಲೆಟಿನ್ನಿಗಿಂತ ಬೇಗ ಸುದ್ದಿ ಸಿಗುತ್ತಿದ್ದುದು ನಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿ. ಡೋಲೋ ಖಾಲಿ, ಆಕ್ಸಿಮೀಟರ್ ಖಾಲಿ ಎಂದು ಅಂಗಡಿಯವರು ಕೈಯಲ್ಲಾಡಿಸಿದ ಎಷ್ಟೋ ದಿನದ ಮೇಲೆ ಬುಲೆಟಿನ್ ಏರುತ್ತಿತ್ತು. ಜ್ವರ ಬಂದವರು ಮೊದಲು ಹೋಗುವುದು ಮಾತ್ರೆಗೆ. ಪರೀಕ್ಷೆ ಆಮೇಲೆ, ಅದೂ ಹೋದರೆ.

ಹೋಗದವರನ್ನು ಎಣಿಸುವ ದಾರಿಯನ್ನು ಹೈದರಾಬಾದಿನ ಸಿಸಿಎಂಬಿ, ಐಐಸಿಟಿ ಸಂಸ್ಥೆಗಳ ವಿಜ್ಞಾನಿಗಳು ಚರಂಡಿಯಲ್ಲಿ ಹುಡುಕಿದರು. ಸೋಂಕಿತರ ಮಲದಲ್ಲಿ ಸುಮಾರು 35 ದಿನದವರೆಗೆ ವೈರಸ್ಸಿನ ಆರ್‌ಎನ್‌ಎ ತುಣುಕುಗಳು ಹೊರಬೀಳುತ್ತವೆ. ಕೊಳಚೆ ನೀರು ಶುದ್ಧೀಕರಣ ಘಟಕಗಳಿಗೆ ಬರುವ ನೀರಿನಲ್ಲಿ ಅವನ್ನು ಅಳೆದು, ಆ 35 ದಿನಗಳ ಅವಧಿಗೆ ನಗರದಲ್ಲಿ ಸುಮಾರು 6.6 ಲಕ್ಷ ಜನರಿಗೆ, ಅಂದರೆ ಶೇ. 6ರಷ್ಟು ಮಂದಿಗೆ ಸೋಂಕು ತಗುಲಿರಬಹುದೆಂದು 2020ರ ಆಗಸ್ಟ್‌ನಲ್ಲಿ ಅಂದಾಜಿಸಿದರು. ಆಗ ಇಡೀ ತೆಲಂಗಾಣದ ಅಧಿಕೃತ ಒಟ್ಟು ಲೆಕ್ಕ 1 ಲಕ್ಷವನ್ನೂ ಮುಟ್ಟಿರಲಿಲ್ಲ. ಅಂದಾಜು ಅಂದಾಜೇ; ಎಲ್ಲರ ಮನೆಯ ನೀರೂ ಶುದ್ಧೀಕರಣ ಘಟಕಕ್ಕೆ ಹೋಗುವುದಿಲ್ಲ. ಆದರೂ ಅದರಲ್ಲಿ ಲಕ್ಷಣ ಇದ್ದವರು ಇಲ್ಲದವರು, ಪರೀಕ್ಷೆಗೆ ಅಂಜಿದವರು, ಎಲ್ಲರೂ ಸೇರಿದ್ದರು.

ದಿಲ್‌ಸುಖ್‌ನಗರಕ್ಕೆ ಇನ್ನೊಂದು ತೊಡಕಿದೆ. ಇಲ್ಲಿನ ಜನಸಂಖ್ಯೆ ನಿಂತ ನೀರಲ್ಲ. 2020ರ ಮಾರ್ಚ್ 25ರಂದು, ಲಾಕ್‌ಡೌನಿನಲ್ಲಿ, ಕೋಚಿಂಗಿಗೆ ಬಂದವರಿದ್ದ ಹಾಸ್ಟೆಲುಗಳನ್ನು ಖಾಲಿ ಮಾಡಿಸಿದಾಗ ಮಕ್ಕಳು ಊರಿಗೆ ಹೋಗಲು ಪೊಲೀಸ್ ಸ್ಟೇಷನ್ ಮುಂದೆ ಪಾಸಿಗಾಗಿ ಸಾಲುಗಟ್ಟಿದ್ದರು. ಪಾಸ್ ಹಿಡಿದು ಹೋದವರನ್ನು ಆಂಧ್ರ ಗಡಿಯಲ್ಲಿ ತಡೆದರು. ಆಮೇಲೆ ನಮ್ಮ ಬೀದಿಯಲ್ಲಿ ಕೇಸು ಕಡಿಮೆಯಾಯಿತೆಂದು ಹಿಗ್ಗಿದವರಿದ್ದರು. ಜನವೇ ಇರಲಿಲ್ಲವಲ್ಲ!

ಇದು ಕೋವಿಡ್‌ಗೆ ಮುಗಿದ ಕಥೆಯೂ ಅಲ್ಲ. ಮಳೆಗಾಲದಲ್ಲಿ ಡೆಂಗಿ ಬಂತೆಂದರೆ, ಜ್ವರ ಶುರುವಾದ ಕೂಡಲೇ ತಾಯಿ ಫೋನ್ ಮಾಡಿ ಇಲ್ಲಿನ ಹಾಸ್ಟೆಲಿನಲ್ಲಿರುವ ಮಗಳನ್ನು ರಾಯಚೂರಿಗೆ ಕರೆಸಿಕೊಳ್ಳುತ್ತಾರೆ. ಪರೀಕ್ಷೆ ಅಲ್ಲಿ, ಪ್ರಕರಣ ಆ ಜಿಲ್ಲೆಯ ಪಟ್ಟಿಗೆ. ಕಚ್ಚಿದ ಸೊಳ್ಳೆಯ ಸಂಸಾರ ಮಾತ್ರ ಇಲ್ಲಿನ ಹಾಸ್ಟೆಲಿನ ಮುಚ್ಚಳವಿಲ್ಲದ ಟ್ಯಾಂಕಿನಲ್ಲಿ ಸುಖವಾಗಿರುತ್ತದೆ.