ದೊಡ್ಡ ಮನೆ: ಕೋಣೆ ಎಷ್ಟು, ಜನ ಎಷ್ಟು?



ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ವಾಳೆಯೊಂದರ ಗುರಿಕಾರರು ಫೋನ್ ಮಾಡಿ, "ಫಾದರ್, ಸ್ವಲ್ಪ ಬೇಗ ಬನ್ನಿ" ಎಂದರು. ಒಂಬತ್ತು ಕೋಣೆಗಳ ಮನೆಯಲ್ಲಿ ಒಬ್ಬರೇ ಇರುವ ವೃದ್ಧ ತಾಯಿಯೊಬ್ಬರು ಬೆಳಿಗ್ಗೆ ಹಿಂದಿನ ಬಚ್ಚಲುಕೋಣೆಯಲ್ಲಿ ಜಾರಿ ಬಿದ್ದಿದ್ದರು. ಫೋನು ಎದುರಿನ ಚಾವಡಿಯಲ್ಲಿತ್ತು. ಸಂಜೆ ಕೆಲಸದಾಕೆ ಬಂದ ಮೇಲೆಯೇ ವಿಷಯ ತಿಳಿದದ್ದು. ದೇವರ ದಯೆಯಿಂದ ಜೀವಕ್ಕೆ ಅಪಾಯವಾಗಲಿಲ್ಲ. ಆಸ್ಪತ್ರೆಯಲ್ಲಿ ಅವರು ನನ್ನ ಕೈ ಹಿಡಿದು ಹೇಳಿದ್ದು ಇಷ್ಟೇ: "ಕೂಗಿದೆ ಫಾದರ್, ತುಂಬಾ ಕೂಗಿದೆ. ಮನೆ ದೊಡ್ಡದು, ಯಾರಿಗೂ ಕೇಳಿಸಲಿಲ್ಲ."

ಅದಾಗಿ ಒಂದು ತಿಂಗಳೊಳಗೆ ಇನ್ನೊಂದು ಕುಟುಂಬದ ಯಜಮಾನರು ಮನೆಯ ನಕ್ಷೆ ಹಿಡಿದುಕೊಂಡು ಬಂದರು. ಮಗ ದುಬೈಯಲ್ಲಿದ್ದಾನೆ. ಕೆಳಗೆ ನಾಲ್ಕು ಕೋಣೆ, ಮೇಲೆ ಮಾಳಿಗೆಯಲ್ಲಿ ನಾಲ್ಕು. "ಶಿಲಾನ್ಯಾಸಕ್ಕೆ ನೀವೇ ಬರಬೇಕು ಫಾದರ್. ಆದರೆ ಹೆಂಡತಿಗೆ ಇಷ್ಟು ದೊಡ್ಡದು ಬೇಡವಂತೆ. ನೀವು ಏನು ಹೇಳುತ್ತೀರಿ?" ನಾನು ಒಂದು ವಾರದ ಸಮಯ ಕೇಳಿದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ನಿಮ್ಮ ಮುಂದೆಯೂ ಇಡುತ್ತಿದ್ದೇನೆ. ಇದು ಒಂದು ಮನೆಯ ಪ್ರಶ್ನೆಯಲ್ಲ. ನಮ್ಮ ಕರಾವಳಿಯ ಅನೇಕ ಕುಟುಂಬಗಳ ಪ್ರಶ್ನೆ.

ದೊಡ್ಡ ಮನೆಯ ಒಳಿತು

ಮೊದಲು ಒಂದು ಮಾತು. ಚಿಕ್ಕ ಮನೆಯನ್ನು ಹೊಗಳುವುದು ಸುಲಭ, ಅದರಲ್ಲಿ ಬದುಕುವುದು ಸುಲಭವಲ್ಲ. ನಾನು ಬೆಳೆದದ್ದು ಎರಡು ಕೋಣೆಯ ಮನೆಯಲ್ಲಿ, ಆರು ಮಂದಿ ಮಕ್ಕಳ ನಡುವೆ. ಅಕ್ಕ ಹತ್ತನೇ ತರಗತಿಗೆ ಓದಿದ್ದು ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ. ಅಪ್ಪ ಕಾಯಿಲೆ ಬಿದ್ದಾಗ ಅವರನ್ನು ಮಲಗಿಸಲು ಗಾಳಿ ಬೆಳಕಿನ ಒಂದು ಮೂಲೆಯೂ ಇರಲಿಲ್ಲ. ಯೋಗ್ಯವಾದ ಮನೆಯಿಲ್ಲದೆ ಕುಟುಂಬಗಳು ಪಡುವ ಕಷ್ಟವನ್ನು ವಿಶ್ವಗುರು ಫ್ರಾನ್ಸಿಸ್ ಅವರೂ 2016ರ ತಮ್ಮ 'ಅಮೋರಿಸ್ ಲೆತಿತ್ಸಿಯಾ' ಪತ್ರದಲ್ಲಿ ಎತ್ತಿ ಹೇಳಿದ್ದಾರೆ. ಆದ್ದರಿಂದ ವಿಶಾಲವಾದ ಮನೆಯನ್ನು ಬಯಸುವುದು ಪಾಪವಲ್ಲ. ಮಗಳ ಬಾಣಂತನಕ್ಕೆ ಒಂದು ಕೋಣೆ, ಓದುವ ಮಕ್ಕಳಿಗೆ ಒಂದು, ಹಾಸಿಗೆ ಹಿಡಿದ ಅಜ್ಜನಿಗೆ ಒಂದು ಇದ್ದರೆ ಮನೆಯಲ್ಲಿ ಅರ್ಧ ಜಗಳ ಕಡಿಮೆ.

ಎರಡನೆಯದಾಗಿ, ದೊಡ್ಡ ಮನೆ ನಾಲ್ಕು ಜನ ಸೇರುವ ಮನೆ. ಮದುವೆಯ ಮುನ್ನಾದಿನದ ರೋಸ್, ಮೊಂತಿ ಹಬ್ಬದ ಹೊಸಕ್ಕಿ ಊಟ, ವಾಳೆಯ ಪ್ರಾರ್ಥನಾ ಕೂಟ, ಇವಕ್ಕೆಲ್ಲ ಅಂಗಳ, ಚಾವಡಿ ಬೇಕು. ಆದಿ ಕ್ರೈಸ್ತರನ್ನೇ ನೋಡಿ. ಪ್ರೇಷಿತರ ಕಾರ್ಯಕಲಾಪಗಳ 12ನೇ ಅಧ್ಯಾಯದಲ್ಲಿ ಪೇತ್ರನು ಸೆರೆಮನೆಯಿಂದ ಬಿಡುಗಡೆಯಾಗಿ ನೇರವಾಗಿ ಹೋದದ್ದು ಮಾರ್ಕನ ತಾಯಿ ಮರಿಯಳ ಮನೆಗೆ. ಅನೇಕರು ಅಲ್ಲಿ ಸೇರಿ ಪ್ರಾರ್ಥಿಸುತ್ತಿದ್ದರು. ಫಿಲಿಪ್ಪಿಯಲ್ಲಿ ಲಿದಿಯಳು ಪೌಲನನ್ನೂ ಅವನ ಸಂಗಡಿಗರನ್ನೂ ತನ್ನ ಮನೆಗೆ ಒತ್ತಾಯಿಸಿ ಕರೆದೊಯ್ದಳು. ಸಿರಿಯಾದ ದೂರಾ ಯೂರೋಪೊಸ್ ಎಂಬಲ್ಲಿ 1930ರ ದಶಕದಲ್ಲಿ ಅಗೆದಾಗ ಸುಮಾರು ಕ್ರಿ.ಶ. 240ರ ಒಂದು ಮನೆ ಸಿಕ್ಕಿತು. ಎರಡು ಕೋಣೆಗಳ ನಡುವಿನ ಗೋಡೆ ತೆಗೆದು ಅಲ್ಲಿನ ವಿಶ್ವಾಸಿಗಳು ಅದನ್ನು ಆರಾಧನೆಯ ಸಭಾಂಗಣ ಮಾಡಿಕೊಂಡಿದ್ದರು. ಆ ಮನೆಯವರಿಗೆ ಕೋಣೆಗಿಂತ ಸೇರುವ ಜನ ಮುಖ್ಯವಾಗಿದ್ದರು.

ನಮ್ಮ ಹಿರಿಯರ ಹಂಚಿನ ಮನೆಗಳೂ ದೊಡ್ಡವೇ. ಬಾಸೆಲ್ ಮಿಶನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಊರೂರಿನಲ್ಲಿ ಹುಲ್ಲಿನ ಮಾಡು ಹೋಗಿ ಹಂಚಿನ ಮಾಡು ಬಂತು. ಆದರೆ ಆ ಮನೆಗಳ ಪ್ರತಿ ಕೋಣೆಗೂ ಕೆಲಸವಿತ್ತು: ಭತ್ತಕ್ಕೊಂದು, ತೆಂಗಿನಕಾಯಿಗೊಂದು, ಅಜ್ಜಿಗೊಂದು, ಎಂಟು ಹತ್ತು ಮಕ್ಕಳಿಗೆ ಉಳಿದದ್ದು. ಮನೆ ದೊಡ್ಡದಿತ್ತು, ಖಾಲಿ ಇರಲಿಲ್ಲ.

ದೊಡ್ಡ ಮನೆಯ ಹೊರೆ

ಈಗ ಇನ್ನೊಂದು ತಟ್ಟೆಯನ್ನು ನೋಡೋಣ.

ಮೊದಲನೆಯದು ಸಾಲ. ಕೆಳಗಿನ ಮನೆಗೆ ಮಾತ್ರ 25 ಲಕ್ಷ ಸಾಲ, ಮಾಳಿಗೆ ಸೇರಿದರೆ 40 ಲಕ್ಷ ಎಂದಿಟ್ಟುಕೊಳ್ಳಿ. ಶೇಕಡಾ 9ರ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು 25 ಲಕ್ಷಕ್ಕೆ ಸುಮಾರು 22,500 ರೂಪಾಯಿ, 40 ಲಕ್ಷಕ್ಕೆ ಸುಮಾರು 36,000. ಕೊನೆಗೆ 40 ಲಕ್ಷದ ಸಾಲಕ್ಕೆ ಕಟ್ಟುವುದು 86 ಲಕ್ಷಕ್ಕೂ ಹೆಚ್ಚು. ಮಾಳಿಗೆಯ ನಾಲ್ಕು ಕೋಣೆಗೆ ತಿಂಗಳಿಗೆ ಹದಿಮೂರು ಸಾವಿರಕ್ಕೂ ಹೆಚ್ಚು ಹಣ, ಅದೂ ಇಪ್ಪತ್ತು ವರ್ಷ. ಈ ಹಣ ದುಡಿಯಲು ಮಗ ಇನ್ನೂ ಎಷ್ಟು ವರ್ಷ ಪರದೇಶದಲ್ಲಿ ಇರಬೇಕು? ಅವನಿಗಾಗಿಯೇ ಕಟ್ಟಿದ ಮನೆ ಅವನನ್ನು ಮನೆಯಿಂದ ದೂರ ಇಡುವುದಾದರೆ ಇದೆಂಥ ಲೆಕ್ಕ?

ಎರಡನೆಯದು ನಿರ್ವಹಣೆ. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಸುರಿಯುವ ಊರು ನಮ್ಮದು. ತಾರಸಿ ಸೋರುತ್ತದೆಂದು ಅದರ ಮೇಲೆ ಮತ್ತೆ ಶೀಟು ಹಾಕಿಸುತ್ತೇವೆ. ಮುಚ್ಚಿಟ್ಟ ಕೋಣೆಗೆ ಬೂಷ್ಟು ಹಿಡಿಯುತ್ತದೆ, ಬಾಗಿಲಿಗೆ ಗೆದ್ದಲು ಹತ್ತುತ್ತದೆ. ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಹತ್ತು ಅಡಿ ಎತ್ತರದ ಒಂದು ಕೋಣೆಯ ನಾಲ್ಕು ಗೋಡೆ 480 ಚದರ ಅಡಿ, ಮೇಲಿನ ಸ್ಲ್ಯಾಬು 144. ಅಂಥ ಎಂಟು ಕೋಣೆಯೆಂದರೆ, ಬಾಗಿಲು ಕಿಟಕಿಯನ್ನು ಲೆಕ್ಕಕ್ಕೆ ಸೇರಿಸಿ, ಒಳಗಿನ ಬಣ್ಣವೇ ಸುಮಾರು 5,000 ಚದರ ಅಡಿ. ಗುಡಿಸಿ ಒರೆಸುವುದು ಬೇರೆ. "ನನಗೆ ಇಷ್ಟು ದೊಡ್ಡದು ಬೇಡ" ಎಂದ ಆ ಹೆಂಡತಿಯ ಮಾತಿನಲ್ಲಿ ಈ ಲೆಕ್ಕವೆಲ್ಲ ಇತ್ತು. ಗಂಡಸರು ನಕ್ಷೆ ನೋಡುತ್ತಾರೆ, ಹೆಂಗಸರಿಗೆ ಹಿಡಿಸೂಡಿ ಕಾಣುತ್ತದೆ.

ಮೂರನೆಯದು ಒಂಟಿತನ. ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಒಂದೊಂದು ಮೊಬೈಲು. ಊಟಕ್ಕೆ ಕರೆಯಲೂ ಫೋನ್ ಮಾಡುವ ಮನೆಗಳನ್ನು ನಾನು ನೋಡಿದ್ದೇನೆ. ಮಕ್ಕಳು ಹೊರಟು ಹೋದ ಮೇಲೆ ಉಳಿಯುವುದು ಇಬ್ಬರು, ಕಡೆಗೆ ಒಬ್ಬರು. ಆ ತಾಯಿಯ ಕೂಗು ನಿಮಗೆ ನೆನಪಿರಲಿ.

ನಾಲ್ಕನೆಯದು ಪಾಲು. ನಮಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ, ಉಯಿಲು ಬರೆಯದೆ ಗಂಡ ತೀರಿಕೊಂಡರೆ ಹೆಂಡತಿಗೆ ಮೂರರಲ್ಲಿ ಒಂದು ಪಾಲು; ಉಳಿದ ಎರಡು ಪಾಲು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮನಾಗಿ. ಇದು ನ್ಯಾಯವೇ. ಆದರೆ ಗದ್ದೆಯನ್ನು ಅಳೆದು ಹಂಚಬಹುದು, ಒಂದು ಮೆಟ್ಟಿಲು, ಒಂದು ಅಡುಗೆಮನೆಯ ಮನೆಯನ್ನು ಮೂವರಿಗೆ ಹಂಚುವುದು ಹೇಗೆ? ಅಪ್ಪನ ಶವಪೆಟ್ಟಿಗೆಯ ಮುಂದೆ ಒಟ್ಟಿಗೆ ಅತ್ತ ಅಣ್ಣ ತಂಗಿಯರು ವರ್ಷದೊಳಗೆ ಮಾತು ಬಿಟ್ಟದ್ದನ್ನು ಕಂಡಿದ್ದೇನೆ. ಮನೆ ಕಟ್ಟುವವರು ಉಯಿಲನ್ನೂ ಬರೆದಿಡಿ. ಇಬ್ಬರು ಸಾಕ್ಷಿಗಳು ಬೇಕು. ಆಸ್ತಿ ಪಡೆಯುವವರನ್ನಾಗಲಿ ಅವರ ಗಂಡ ಹೆಂಡತಿಯನ್ನಾಗಲಿ ಸಾಕ್ಷಿ ಹಾಕಿಸಬೇಡಿ. ಹಾಗೆ ಮಾಡಿದರೆ ಅವರಿಗೆ ಬರೆದ ಪಾಲು ಅಸಿಂಧುವಾಗುತ್ತದೆ.

ಯಾವ ಅಳತೆಗೋಲು?

ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆಂದು ಪ್ರಭು ಯೇಸು ಹೇಳಿದರು (ಲೂಕ 14). ಬೆಳೆ ಹೆಚ್ಚಾಯಿತೆಂದು ಕಣಜ ಕೆಡವಿ ಇನ್ನೂ ದೊಡ್ಡದನ್ನು ಕಟ್ಟಲು ಹೊರಟ ಶ್ರೀಮಂತನ ಸಾಮತಿಯನ್ನೂ ಹೇಳಿದರು (ಲೂಕ 12). ಎರಡನ್ನೂ ಒಟ್ಟಿಗೆ ಓದಬೇಕು. ಆ ಶ್ರೀಮಂತ ಲೆಕ್ಕದಲ್ಲಿ ದಡ್ಡನಲ್ಲ. ಅವನ ಮಾತಿನಲ್ಲಿ ತನ್ನನ್ನು ಬಿಟ್ಟು ಇನ್ನೊಬ್ಬರ ಸುದ್ದಿಯೇ ಇಲ್ಲ. ಅದೇ ಅವನ ದಡ್ಡತನ. ಸಂತ ತೋಮಸ್ ಅಕ್ವೀನಾಸರು ಇದನ್ನೇ ತತ್ವವಾಗಿ ಬಿಡಿಸಿದ್ದಾರೆ: ಸ್ವಂತ ಆಸ್ತಿ ಇಟ್ಟುಕೊಳ್ಳುವುದು ನ್ಯಾಯವೇ, ಆದರೆ ಅದನ್ನು ಬಳಸುವಾಗ ಎಲ್ಲರದೆಂಬಂತೆ, ಕೊರತೆಯಲ್ಲಿ ಇರುವವರೊಡನೆ ಹಂಚಿಕೊಳ್ಳಲು ಸಿದ್ಧನಿರಬೇಕು.

ವಿಶ್ವಗುರು ಫ್ರಾನ್ಸಿಸ್ 2013ರಲ್ಲಿ ಆಯ್ಕೆಯಾದಾಗ ವ್ಯಾಟಿಕನ್ ಅರಮನೆಯ ವಿಶಾಲ ನಿವಾಸವನ್ನು ಬಿಟ್ಟು ಸಾಂತಾ ಮಾರ್ತಾ ಅತಿಥಿಗೃಹದಲ್ಲಿ ಉಳಿದರು. ಆ ನಿವಾಸ ಆಡಂಬರದ್ದಲ್ಲ, ಆದರೆ ತಲೆಕೆಳಗಾಗಿಟ್ಟ ಆಲಿಕೆಯ ಹಾಗೆ: ಒಳಗೆ ಜಾಗ ಬಹಳ, ಬಾಗಿಲು ಇಕ್ಕಟ್ಟು; ಜನರಿಲ್ಲದೆ ತಮ್ಮಿಂದ ಇರಲಾಗದು ಎಂದು ಅವರು ಕಾರಣ ಕೊಟ್ಟರು. 2025ರಲ್ಲಿ ನಿಧನರಾಗುವ ತನಕ ಅವರ ಮನೆ ಅದೇ ಆಗಿತ್ತು.

ಈ ಮಾತು ನನಗೂ ತಾಗುತ್ತದೆ. ಏಳು ಕೋಣೆಯ ಗುರುನಿವಾಸದಲ್ಲಿ ನಾನು ಮತ್ತು ಅಡುಗೆಯವರು, ಇಬ್ಬರೇ. ಈ ಲೇಖನ ಬರೆಯುವ ಮೊದಲು ಎರಡು ಕೋಣೆಗಳ ಬೀಗ ತೆಗೆಸಿದೆ. ಈಗ ಸಂಜೆ ವಾಳೆಯ ಮಕ್ಕಳು ಅಲ್ಲಿ ಕುಳಿತು ಓದುತ್ತಾರೆ. ಗಲಾಟೆಯೂ ಇದೆ. ಇರಲಿ.

ನಕ್ಷೆ ತಂದ ಯಜಮಾನರು ಗಂಡ, ಹೆಂಡತಿ, ದುಬೈಯ ಮಗ, ಮದುವೆಯಾದ ಮಗಳು ಎಲ್ಲರೂ ಒಂದು ಭಾನುವಾರ ಮಾತನಾಡಿದರಂತೆ. ಅಡಿಪಾಯ, ಕಂಬಗಳನ್ನು ಮಾಳಿಗೆ ಹೊರುವಷ್ಟು ಗಟ್ಟಿ ಹಾಕಿ, ಸದ್ಯಕ್ಕೆ ಕೆಳಗಿನ ಮನೆ ಮಾತ್ರ ಕಟ್ಟುವುದೆಂದು ತೀರ್ಮಾನವಾಯಿತು. ಮಲಗುವ ಕೋಣೆಗೆ ತಾಗಿಯೇ ಬಚ್ಚಲು, ಅದಕ್ಕೆ ಜಾರದ ನೆಲ, ಹಿಡಿದುಕೊಳ್ಳಲು ಸರಳು. ಮಗ ಊರಿಗೆ ಬಂದು ನೆಲೆಸಿದ ದಿನ ಮಾಳಿಗೆ. ಶಿಲಾನ್ಯಾಸಕ್ಕೆ ನಾನು ಸಂತೋಷದಿಂದ ಹೋದೆ.

ಕುಟುಂಬದಲ್ಲಿ ಕುಳಿತು ಮಾತನಾಡಲು

1. ನಮ್ಮ ಮನೆಯಲ್ಲಿ ಕಳೆದ ಒಂದು ವರ್ಷ ಯಾರೂ ಮಲಗದ ಕೋಣೆ ಎಷ್ಟು? ಅದರಿಂದ ಯಾರಿಗೆ ಉಪಕಾರವಾಗಬಹುದು?

2. ಇಪ್ಪತ್ತು ವರ್ಷದ ನಂತರ ಈ ಮನೆಯಲ್ಲಿ ಯಾರಿರುತ್ತಾರೆ? ಅವರು ಮೆಟ್ಟಿಲು ಹತ್ತಬಲ್ಲರೇ?

3. ಮನೆಯನ್ನು ಗುಡಿಸುವವರ ಅಭಿಪ್ರಾಯ ಕೇಳಿದ್ದೇವೆಯೇ?

4. ನಮ್ಮ ವಾಳೆಯ ದೊಡ್ಡ ಮನೆಗಳಲ್ಲಿ ಒಬ್ಬರೇ ಇರುವ ಹಿರಿಯರು ಯಾರು? ದಿನಕ್ಕೊಮ್ಮೆ ಅವರ ಬಾಗಿಲು ತಟ್ಟುವವರು ಯಾರು?

ನಾಲ್ಕನೆಯ ಪ್ರಶ್ನೆಗೆ ಉತ್ತರವಾಗಿ ಒಂದು ಹೆಸರು ಹೊಳೆದರೆ, ಇವತ್ತೇ ಹೋಗಿ ಬನ್ನಿ.