ಮೈಕ್ ಹಿಡಿಯುವ ಮುನ್ನ ಡೆಸ್ಕಿನಲ್ಲಿ ಕೂರಿ

ಪತ್ರಿಕೋದ್ಯಮ ಓದಿ ಹೊರಬರುವ ಮಕ್ಕಳನ್ನು ಮುಂದೇನು ಎಂದು ಕೇಳಿದರೆ ಬಹುತೇಕರ ಉತ್ತರ ಒಂದೇ: ಆ್ಯಂಕರ್ ಆಗಬೇಕು. ಉಳಿದವರು ರಾಜಕೀಯ ವರದಿಗಾರಿಕೆ ಅನ್ನುತ್ತಾರೆ. ಆಸೆ ತಪ್ಪಲ್ಲ. ಆದರೆ ಈ ವೃತ್ತಿಯಲ್ಲಿ ಇನ್ನೂ ಬೇಕಾದಷ್ಟು ದಾರಿಗಳಿವೆ. ಅವುಗಳಲ್ಲಿ ನಾಲ್ಕು ಹೆಜ್ಜೆಯನ್ನೂ ಇಡದೆ ತೀರ್ಮಾನಕ್ಕೆ ಬರಬೇಡಿ.

ಮೊದಲು ಡೆಸ್ಕಿಗೆ ಸೇರಿ. ಹೆಸರು ಅಚ್ಚಾಗುವುದಿಲ್ಲ, ರಾತ್ರಿ ಪಾಳಿ ತಪ್ಪುವುದಿಲ್ಲ. ಆದರೂ ಸೇರಿ. ತಾಲ್ಲೂಕಿನಿಂದ ‘ಭಾರಿ ಮಳೆಗೆ ಅಪಾರ ಬೆಳೆ ಹಾನಿ’ ಎಂಬ ಸುದ್ದಿ ಬರುತ್ತದೆ. ಒಳ್ಳೆಯ ಉಪಸಂಪಾದಕರು ಅದನ್ನು ಹಾಗೇ ಪುಟಕ್ಕೆ ಬಿಡುವುದಿಲ್ಲ, ವರದಿಗಾರರಿಗೆ ಫೋನ್ ಮಾಡುತ್ತಾರೆ. ಯಾವ ಹೋಬಳಿ? ಭತ್ತವೋ, ಮೆಕ್ಕೆಜೋಳವೋ? ಎಷ್ಟು ಎಕರೆ? ಲೆಕ್ಕ ಹೇಳಿದ್ದು ಕೃಷಿ ಇಲಾಖೆಯವರೋ, ಊರಿನವರೋ? ಗ್ರಾಮ ಆಡಳಿತಾಧಿಕಾರಿ ಹೊಲಕ್ಕೆ ಬಂದು ನೋಡಿದ್ದಾರೆಯೇ? ಅಷ್ಟು ಕೇಳುವುದರೊಳಗೆ ‘ಅಪಾರ’ ಹೋಗಿ ಅಂಕಿ ಬಂದು ಕೂರುತ್ತದೆ, ಪರಿಹಾರ ಕೊಡಬೇಕಾದವರಿಗೆ ನುಣುಚಿಕೊಳ್ಳುವುದು ಕಷ್ಟವಾಗುತ್ತದೆ. ಈ ಪ್ರಶ್ನೆಗಳು ನಾಲಿಗೆಯ ತುದಿಗೆ ಬಂದ ಮೇಲೆ ಟಿ.ವಿ.ಗೆ ಹೋಗಿ, ಸ್ವಂತ ಯೂಟ್ಯೂಬ್ ಚಾನೆಲ್ಲನ್ನೇ ಮಾಡಿ, ಕೈ ಹಿಡಿಯುತ್ತವೆ.

ಆಮೇಲೆ ಹತ್ತು ವರ್ಷ ಬೇಸರವಾಗದಂಥ ಒಂದು ವಿಷಯ ಹಿಡಿಯಿರಿ. ನಾಗೇಶ ಹೆಗಡೆಯವರು ವಿಜ್ಞಾನ, ಪರಿಸರವನ್ನು ಹಿಡಿದು ಕನ್ನಡದ ಸಾಮಾನ್ಯ ಓದುಗರಿಗೂ ಅದರ ರುಚಿ ಹತ್ತಿಸಿದರು. ಮೈಸೂರಿನ ಟಿ.ಎಸ್. ಸತ್ಯನ್ ಕ್ಯಾಮೆರಾದಿಂದಲೇ ಪತ್ರಕರ್ತರಾದರು. ಪಿ. ಸಾಯಿನಾಥ್ ಬಡ ಜಿಲ್ಲೆಗಳ ಹಳ್ಳಿಗಳನ್ನು ಸುತ್ತಿ ಬರೆದರು, 2007ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಇವರೆಲ್ಲರಿಗಿಂತ ನಿಮಗೆ ಹತ್ತಿರದ ಉದಾಹರಣೆ ಪುತ್ತೂರಿನ ‘ಅಡಿಕೆ ಪತ್ರಿಕೆ’. 1988ರಲ್ಲಿ ಶುರುವಾದ ಈ ಕೃಷಿ ಮಾಸಿಕದ ಶ್ರೀಪಡ್ರೆಯವರು ಕೃಷಿಕರ ಕೈಗೇ ಲೇಖನಿ ಕೊಟ್ಟರು. ನೆಲಜಲವನ್ನು, ಹಲಸನ್ನು ಬೆನ್ನುಹತ್ತಿ ವರ್ಷಗಟ್ಟಲೆ ಬರೆದರು. ರಾಜಧಾನಿಯ ದೊಡ್ಡ ಕಚೇರಿಯಲ್ಲಿ ಕೂರದೆಯೂ ತೂಕದ ಪತ್ರಿಕೋದ್ಯಮ ಸಾಧ್ಯ ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ಕೋರ್ಟ್ ವರದಿಗಾರಿಕೆಗೆ ಬರುವ ಹುಡುಗ ಹುಡುಗಿಯರು ಕಡಿಮೆ, ಅಗತ್ಯ ಮಾತ್ರ ಬಹಳ. ವಿಚಾರಣೆ ವೇಳೆ ನ್ಯಾಯಮೂರ್ತಿಗಳು ಆಡಿದ ಮಾತನ್ನೇ ಆದೇಶವೆಂದು ತಿಳಿದು ತಲೆಬರಹ ಕೊಟ್ಟರೆ ಒಬ್ಬ ಮನುಷ್ಯನ ಮಾನ ಹೋಗಬಹುದು. ಆ ವ್ಯತ್ಯಾಸ ಬಲ್ಲವರು ಪ್ರತಿ ಜಿಲ್ಲೆಗೂ ಬೇಕು. ಹಾಗೆಯೇ ಕಡತ ಓದುವವರು. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಮೇಲ್ಮನವಿಗೆ ಅವಕಾಶವಿದೆ. ಇದಕ್ಕೆ ಪ್ರೆಸ್ ಕಾರ್ಡೂ ಬೇಕಿಲ್ಲ.

ಸಂಬಳ ಕಡಿಮೆ ಎಂಬುದನ್ನು ನಿಮ್ಮಿಂದ ಮುಚ್ಚಿಡಲಾರೆ. ಮನೆಯ ಹೊಣೆ ಹೆಗಲೇರಿದ್ದರೆ ಅನುವಾದ ಮಾಡಿ, ಜಾಹೀರಾತು ಬರೆಯಿರಿ, ಸಾರ್ವಜನಿಕ ಸಂಪರ್ಕದ ಕೆಲಸಕ್ಕೇ ಹೋಗಿ. ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಆದರೆ ಒಂದು ಕಂಪನಿಯಿಂದ ಹಣ ಪಡೆಯುತ್ತಾ ಅದರ ಬಗ್ಗೆಯೇ ಸುದ್ದಿ ಬರೆಯುವ ಕೆಲಸಕ್ಕೆ ಮಾತ್ರ ಎಂದೂ ಕೈಹಾಕಬೇಡಿ.

ಎಲ್ಲಿಂದ ಆರಂಭಿಸುವುದು ಎಂಬ ಗೊಂದಲವಿದ್ದರೆ, ನಿಮ್ಮೂರಿನ ಮುಂದಿನ ಗ್ರಾಮಸಭೆಗೆ ಹೋಗಿ ಕೊನೆಯವರೆಗೂ ಕೂತು ಬನ್ನಿ. ಯಾರು ಏನು ಕೇಳಿದರು, ಅಧಿಕಾರಿಗಳು ಏನೆಂದರು ಎಂದು ಒಂದು ಪುಟ ಬರೆದು ನಿಮ್ಮ ಜಿಲ್ಲೆಯ ಪತ್ರಿಕೆಯ ಸಂಪಾದಕರ ಕೈಗೆ ಕೊಡಿ.